ಅಲ್ಲಾಡಬೇಡಿ ಮೇಡಂ ಮತ್ತು ಸೂಜಿತೂತಿನ ಪೆಟ್ಟಿಗೆ

ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ‘ಅಲ್ಲಾಡಬೇಡಿ ಮೇಡಂ’. ಎಕ್ಸ್-ರೇ ಕೋಣೆಯ ದಪ್ಪ ಬಾಗಿಲಿನ ಹಿಂದಿನಿಂದ ದಿನವಿಡೀ ಒಂದೇ ಮಂತ್ರ ಕೇಳುತ್ತಿತ್ತು: “ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಅಲ್ಲಾಡಬೇಡಿ!” ಕೈ ಮುರಿದುಕೊಂಡವರು, ಕೆಮ್ಮುವವರು, ನಾಣ್ಯ ನುಂಗಿದ ಮಕ್ಕಳು, ಎಲ್ಲರೂ ಆ ಮಾತಿಗೆ ಕಲ್ಲಾಗುತ್ತಿದ್ದರು. ಅಲ್ಲಾಡುತ್ತಿದ್ದವಳು ಅವಳೊಬ್ಬಳೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಹಾಗೆ. ಯಂತ್ರ ಗುಂಯ್ ಎನ್ನುವಷ್ಟರಲ್ಲಿ ಅವಳು ಗಾಜಿನ ಹಿಂದೆ ನಿಂತು ಕಾಲು ಬದಲಿಸಿ, ಪೆನ್ನಿನ ಮುಚ್ಚಳ ತೆಗೆದು ಹಾಕಿ, ಮುಂದಿನವರ ಚೀಟಿ ಓದಿ, ಕೋಟಿನ ಗುಂಡಿಯೊಂದನ್ನು ಅರ್ಧ ಕಿತ್ತಿರುತ್ತಿದ್ದಳು.

ಮನೆಯಲ್ಲೂ ಅದೇ ಕಥೆ. ಊಟಕ್ಕೆ ಕೂತರೆ ನೀರಿಗೆಂದು ಏಳುವಳು, ನೀರಿಗೆ ಎದ್ದವಳು ಕಿಟಕಿ ಹಾಕುವಳು, ಕಿಟಕಿಯ ಹತ್ತಿರ ಹೋದವಳು ಅಲ್ಲಿನ ಧೂಳು ಒರೆಸಲು ನಿಲ್ಲುವಳು, ಅಷ್ಟರಲ್ಲಿ ತಟ್ಟೆ ಆರಿ ತಣ್ಣಗಾಗಿರುತ್ತಿತ್ತು. ಅವಳ ಗಂಡ ಬಡಗಿ. ನಿಧಾನವೇ ಪ್ರಧಾನ ಎಂದುಕೊಂಡೇ ಹುಟ್ಟಿದ ಮನುಷ್ಯ, ಒಂದು ಬಾಗಿಲಿನ ಚೌಕಟ್ಟನ್ನು ನೇವರಿಸಿಕೊಂಡು ಇಡೀ ಮಧ್ಯಾಹ್ನ ಕೂರಬಲ್ಲವನು. “ನಿನ್ನ ಕಾಲಿಗೆ ಚಕ್ರ ಕಟ್ಟಿ ಕಳಿಸಿದಾರೆ ಕಣೇ, ಬ್ರೇಕ್ ಹಾಕೋದು ಮರ್ತಿದಾರೆ,” ಎಂದು ಅವನು ನಗುತ್ತಿದ್ದ.

ಆ ಬ್ರೇಕನ್ನು ತಾನೇ ಮಾಡಿಕೊಡುತ್ತೇನೆಂದು ಹೊರಟಿದ್ದೂ ಅವನೇ. ಹಳೆಯ ಫೋಟೋ ಸ್ಟುಡಿಯೋದ ಮಾಲೀಕನ ಮನೆಗೆ ಕಪಾಟು ಮಾಡಲು ಹೋದಾಗ ಅಲ್ಲಿ ಒಂದು ಪಿನ್‌ಹೋಲ್ ಕ್ಯಾಮೆರಾ ನೋಡಿದ್ದ. ಗಾಜಿನ ಲೆನ್ಸಿಲ್ಲ, ಗುಂಡಿಯಿಲ್ಲ, ಕಣ್ಣಿಟ್ಟು ನೋಡುವ ಕಿಂಡಿಯೂ ಇಲ್ಲ. ಮರದ ಪೆಟ್ಟಿಗೆ, ಮುಂದುಗಡೆ ತೆಳ್ಳನೆಯ ಹಿತ್ತಾಳೆ ತಗಡಿನಲ್ಲಿ ಸೂಜಿಮೊನೆಯ ತೂತು, ಅದರ ಮೇಲೆ ಪಕ್ಕಕ್ಕೆ ಸರಿಯುವ ಮರದ ಮುಚ್ಚಳ. ಒಳಗೆ ಅಗಲವಾದ ಫಿಲ್ಮಿನ ಸುರುಳಿ. ಮುಚ್ಚಳ ಸರಿಸಿ ಕಾಯಬೇಕು, ಬಿಸಿಲಿದ್ದರೆ ಸ್ವಲ್ಪ ಹೊತ್ತು, ಕೋಣೆಯೊಳಗಾದರೆ ನಿಮಿಷಗಟ್ಟಲೆ. ಅಷ್ಟು ಹೊತ್ತೂ ಪೆಟ್ಟಿಗೆಯಾಗಲಿ ಎದುರಿಗಿದ್ದವರಾಗಲಿ ಮಿಸುಕುವ ಹಾಗಿಲ್ಲ. ಇದು ನನ್ನ ಹೆಂಡತಿಗೆ ಹೇಳಿ ಮಾಡಿಸಿದ ಔಷಧಿ ಎಂದು ಬಡಗಿ ಮಿಕ್ಕ ಮರದ ತುಂಡುಗಳಲ್ಲಿ ಅಂಥದ್ದೇ ಒಂದನ್ನು ಮಾಡಿ ತಂದುಕೊಟ್ಟ.

ಔಷಧಿ ನಾಲಿಗೆಗೆ ಹತ್ತಿತು, ರೋಗಕ್ಕೆ ಹತ್ತಲಿಲ್ಲ. ಫಿಲ್ಮ್ ತೊಳೆಯುವುದು ಅವಳಿಗೆ ಹೊಸದೇನಲ್ಲ. ಎಕ್ಸ್-ರೇಗಳೆಲ್ಲ ಕಂಪ್ಯೂಟರಿಗೆ ಬರುವ ಮೊದಲು ಆಸ್ಪತ್ರೆಯ ಕತ್ತಲೆಕೋಣೆಯಲ್ಲಿ ಸಾವಿರಾರು ಎದೆಗೂಡುಗಳನ್ನು ತೊಳೆದು ತಂತಿಗೆ ನೇತುಹಾಕಿದವಳು ಅವಳು. ಈಗ ಆ ಕೋಣೆಯಲ್ಲಿ ಗಾಲಿ ಮುರಿದ ಸ್ಟ್ರೆಚರುಗಳಿದ್ದವು. ದೊಡ್ಡ ಡಾಕ್ಟರನ್ನು ಕೇಳಿ ಒಂದು ಮೂಲೆ ಖಾಲಿ ಮಾಡಿಕೊಂಡಳು. ಮೊದಲ ಸುರುಳಿಯಲ್ಲಿ ಪೇಟೆಬೀದಿ ತೆಗೆದಳು. ಜನ ಗಿಜಿಗುಟ್ಟುತ್ತಿದ್ದ ಬೀದಿ ಫಿಲ್ಮಿನಲ್ಲಿ ಭಣಭಣ. ನಡೆಯುತ್ತಿದ್ದವರು, ಸೈಕಲ್ಲಿನವರು, ಕೂಗಿ ಮಾರುವವರು, ಯಾರೂ ಇಲ್ಲ. ಅಂಗಡಿಗಳು, ಕಂಬಗಳು, ಕಟ್ಟೆಯ ಮೇಲೆ ನಿದ್ದೆ ಹೋಗಿದ್ದ ಒಂದು ನಾಯಿ, ಇಷ್ಟೇ.

“ಜನ ಎಲ್ಲಿ ಹೋದ್ರೇ?” ಎಂದ ಗಂಡ.

“ಅಲ್ಲಾಡಿದವರು ಬೀಳಲ್ಲ ರೀ. ಸುಮ್ನಿದ್ದಿದ್ದು ಮಾತ್ರ ಬೀಳುತ್ತೆ.”

“ಹಾಗಾದ್ರೆ ಈ ಜನ್ಮದಲ್ಲಿ ನಿನ್ನ ಫೋಟೋ ಬಂದ ಹಾಗೇ.”

ಅವಳು ನಗಲಿಲ್ಲ. ಅವಳ ತಲೆಯಲ್ಲಿ ಆಗಲೇ ಬೇರೆ ಲೆಕ್ಕ ಓಡುತ್ತಿತ್ತು.

ಲೆಕ್ಕ ಅಪ್ಪನದು. ಅಪ್ಪ ಕಟಿಂಗ್ ಅಂಗಡಿಯವನು. ‘ಅಲ್ಲಾಡಬೇಡ’ ಎಂಬ ಮಾತು ಅವಳಿಗೆ ಬಂದದ್ದು ಆಸ್ಪತ್ರೆಯಿಂದಲ್ಲ, ಆ ಅಂಗಡಿಯಿಂದ. ಅಪ್ಪನ ಬಲಗೈ ಕತ್ತರಿ ಆಡಿಸಿದರೆ ಎಡಗೈ ಗಿರಾಕಿಯ ತಲೆಯನ್ನು ಒತ್ತಿ ನಿಲ್ಲಿಸುತ್ತಿತ್ತು. “ಅಲ್ಲಾಡಬೇಡ ಮರಿ, ಕಿವಿ ನಿಂದು, ಕತ್ತರಿ ನಂದು,” ಎಂದರೆ ಎಂಥ ತುಂಟ ಮಗುವೂ ಮರದ ಹಲಗೆಯಾಗಬೇಕು. ಚಿಕ್ಕಂದಿನಲ್ಲಿ ಇವಳು ಜಗತ್ತಿನಲ್ಲಿ ನೆಟ್ಟಗೆ ಕೂರುತ್ತಿದ್ದುದು ಆ ಕೈಯ ಕೆಳಗೆ ಮಾತ್ರ.

ಹೋದ ವರ್ಷ ಆ ಎಡಗೈ ನಡುಗಲು ಶುರುವಾಯಿತು. ಗಿರಾಕಿಗಳು ಎದುರಿನ ಕನ್ನಡಿಯಲ್ಲಿ ಕಂಡದ್ದು ಅದನ್ನೇ. ಬೆನ್ನ ಹಿಂದೆ ನಿಂತ ಮನುಷ್ಯನ ಕೈ ತೊಡೆಯ ಪಕ್ಕ ಇಳಿಬಿದ್ದು ತಟತಟ ಹೊಡೆದುಕೊಳ್ಳುತ್ತಿದೆ, ಇನ್ನೊಂದರಲ್ಲಿ ಹೊಸದಾಗಿ ಮಸೆದ ಕತ್ತಿ! ಒಬ್ಬ ಅರ್ಧ ಗಡ್ಡಕ್ಕೇ ಎದ್ದು ಹೋದ. ಒಬ್ಬರ ಕಿವಿಗೂ ಗೀರು ಬಿದ್ದಿರಲಿಲ್ಲ, ಆದರೆ ಹೆದರಿಕೆಗೆ ಗಾಯ ಬೇಕೇ? ಊರಬಾಯಿಗೆ ಮುಚ್ಚಳವಿಲ್ಲ. ಡಾಕ್ಟರು ಗುಳಿಗೆ ಕೊಟ್ಟು ಏನೇನೋ ಹೇಳಿದರು. ಮಗಳು ಕೇಳಿಸಿಕೊಂಡದ್ದು ಅರ್ಧ, ಉಳಿದರ್ಧಕ್ಕೆ ಅವಳ ಕಾಲು ಬಾಗಿಲು ದಾಟಿತ್ತು. ಆಸ್ಪತ್ರೆಯವಳಲ್ಲವೇ, ತೀರ್ಮಾನವನ್ನು ಅವಳೇ ಕೊಟ್ಟಳು: “ಸಾಕಪ್ಪ, ಅಂಗಡಿ ಮುಚ್ಚು. ಆರಾಮಾಗಿ ಕೂತ್ಕೋ.”

ಅಪ್ಪ ಕೂತ. ಕೂತು ಕೂತು ನಡುಕ ಇನ್ನೂ ಹೆಚ್ಚಾಯಿತು. ಕೈಯನ್ನು ಟವೆಲಿನ ಕೆಳಗೆ, ದಿಂಬಿನ ಕೆಳಗೆ, ತನ್ನದೇ ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಕೂರುತ್ತಿದ್ದ. ಯಾರಾದರೂ ಬಂದರೆ ಒಳಗೆ ಎದ್ದು ಹೋಗುತ್ತಿದ್ದ. ಒಂದು ದಿನ ಮಗಳು ಗೊತ್ತಾಗದ ಹಾಗೆ ಫೋನಿನಲ್ಲಿ ಫೋಟೋ ಹೊಡೆದಳು. ಅವನು ಇಸಕೊಂಡು ನೋಡಿದ. ಫೋಟೋದಲ್ಲಿ ಕೈ ಗಾಳಿಯಲ್ಲಿ ಸೊಟ್ಟಗೆ, ಬೆರಳು ಮುದುಡಿ ನಿಂತುಬಿಟ್ಟಿತ್ತು. “ಇದನ್ನ ಇಟ್ಕೊಂಡು ಏನ್ಮಾಡ್ತೀಯ? ಅಳಿಸು,” ಎಂದ. ಆಮೇಲೆ ಎಷ್ಟೋ ದಿನ ಅವಳ ಕೈಯಲ್ಲಿ ಫೋನು ಕಂಡರೆ ಸಾಕು, ಮುಖ ತಿರುಗಿಸುತ್ತಿದ್ದ.

ಅವಳು ಅಳಿಸಿದಳು. ಆದರೆ ಒಳಗೆ ಮುಳ್ಳು ಉಳಿಯಿತು. ಯಾಕೆಂದರೆ ಅಮ್ಮ ಹೋದಾಗ ಮನೆಯಲ್ಲಿ ಅವಳ ಒಂದೂ ನೆಟ್ಟಗಿನ ಫೋಟೋ ಇರಲಿಲ್ಲ. ಆಗಿನ್ನೂ ಕೈಗೊಂದು ಫೋನು ಬಂದ ಕಾಲವಲ್ಲ. ಇದ್ದದ್ದು ಒಂದು ಎಕ್ಸ್-ರೇ. ಕೊನೆಯ ಕೆಮ್ಮಿನ ದಿನಗಳಲ್ಲಿ ಅಮ್ಮನನ್ನು ಯಂತ್ರದೆದುರು ನಿಲ್ಲಿಸಿ ಮಗಳೇ ತೆಗೆದದ್ದು. “ನಗ್ಲೇನೇ?” ಎಂದು ಅಮ್ಮ ಆ ಕೆಮ್ಮಿನ ನಡುವೆಯೂ ಕೇಳಿದ್ದಳು. “ಸುಮ್ನಿರಮ್ಮ, ಅಲ್ಲಾಡಬೇಡ,” ಎಂದು ಇವಳು ಗದರಿದ್ದಳು. ಅಮ್ಮ ಎಂದರೆ ಈಗ ಬೀರುವಿನಲ್ಲಿರುವ ಒಂದಷ್ಟು ಪಕ್ಕೆಲುಬು. ಅಪ್ಪನೂ ಹಾಗೆಯೇ ಮುಖವಿಲ್ಲದೆ ಹೋಗಿಬಿಟ್ಟರೆ? ಈ ಯೋಚನೆ ಬಂದರೆ ಅವಳು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತುತ್ತಿದ್ದಳು.

ಕೊನೆಗೆ ಒಂದು ಸಂಜೆ ಪೆಟ್ಟಿಗೆಯನ್ನು ಅಪ್ಪನ ಮುಂದಿಟ್ಟು, ಭಣಭಣ ಬೀದಿಯ ಚಿತ್ರ ತೋರಿಸಿದಳು.

“ಇದರಲ್ಲಿ ಅಲ್ಲಾಡೋದೆಲ್ಲ ಮಾಯ ಆಗುತ್ತೆ ಅಪ್ಪ. ನೋಡು, ಇಷ್ಟು ಜನ ಇದ್ರು, ಒಬ್ಬರೂ ಬಿದ್ದಿಲ್ಲ.”

ಅಪ್ಪ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. “ಅಂದ್ರೆ... ಕೈ ಬೀಳಲ್ವಾ?”

“ಬೀಳಲ್ಲ.”

“ಖಂಡಿತ?”

“ನನ್ನಾಣೆ.”

ಆಣೆ ಇಟ್ಟಳೇ ಹೊರತು ಅವಳಿಗೆ ಖಂಡಿತವೇನೂ ಇರಲಿಲ್ಲ. ಬೀದಿ ದಾಟಿ ಹೋದವರು ಮಾಯವಾಗುತ್ತಾರೆ, ಸರಿ. ಇದ್ದಲ್ಲೇ ಇದ್ದು ನಡುಗುವ ಕೈ ಮಾಯವಾಗುತ್ತದೆಯೋ, ಹೊಗೆ ಮೆತ್ತಿದಂತೆ ಕಾಣುತ್ತದೆಯೋ ಯಾರಿಗೆ ಗೊತ್ತು? ಹೊಗೆಯಾಗಿ ಕಂಡರೆ ಅಪ್ಪ ಇನ್ನು ಯಾವ ಪೆಟ್ಟಿಗೆಯ ಎದುರೂ ಕೂರುವುದಿಲ್ಲ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು.

“ಹಾಗಾದ್ರೆ ಅಂಗಡೀಲೇ ತೆಗಿ,” ಎಂದ ಅಪ್ಪ. “ಭಾನುವಾರ ಕುರ್ಚಿ ಬಿಚ್ತಾರಲ್ಲ, ಅದಕ್ಕೆ ಮುಂಚೆ.”

ಅಂಗಡಿಯನ್ನು ಮೊಬೈಲ್ ರಿಪೇರಿಯವನೊಬ್ಬ ಬಾಡಿಗೆಗೆ ಹಿಡಿದಿದ್ದ. ಸೋಮವಾರದಿಂದ ಅದು ಅವನದು. ಕಬ್ಬಿಣದ ಕುರ್ಚಿಯನ್ನು ನೆಲದಿಂದ ಬಿಚ್ಚುವ ಕೆಲಸ ಬಡಗಿ ಅಳಿಯನಿಗೆ ಬಿದ್ದಿತ್ತು.

ಭಾನುವಾರ ಬೆಳಿಗ್ಗೆ ಮೂವರೂ ಹೋದರು. ಬಾಗಿಲು ತೆಗೆದರೆ ಸಾಬೂನು, ಪೌಡರು, ಹಳೇ ಎಣ್ಣೆಯ ಮುಚ್ಚಿಟ್ಟ ವಾಸನೆ. ಸೀಸೆಗಳಿದ್ದ ಹಲಗೆಯ ಮೇಲೆ, ಕನ್ನಡಿಗೆ ಬೆನ್ನು ಮಾಡಿ, ಅವಳು ಪೆಟ್ಟಿಗೆಯನ್ನಿಟ್ಟಳು. ಕನ್ನಡಿ ಇಷ್ಟು ವರ್ಷ ಏನು ನೋಡಿತ್ತೋ ಈಗ ಪೆಟ್ಟಿಗೆಗೂ ಅದೇ ನೋಟ. ಪೆಟ್ಟಿಗೆಯ ಬೆನ್ನಿನಲ್ಲಿ ಒಂದು ಕೆಂಪು ಗಾಜಿನ ಕಿಂಡಿ, ಅದರಲ್ಲಿ ಫಿಲ್ಮಿನ ಸಂಖ್ಯೆ ಕಾಣುತ್ತದೆ. ಸುರುಳಿ ಮುಗಿಯುತ್ತ ಬಂದಿತ್ತು. ಹನ್ನೊಂದು ಕಾಣುತ್ತಿತ್ತು, ಅದಾದರೆ ಹನ್ನೆರಡು, ಅಲ್ಲಿಗೆ ಮುಗಿಯಿತು. ಒಂದು ಚಿತ್ರವಾದ ಮೇಲೆ ಕೈಯಾರೆ ತಿರುಪು ತಿರುಗಿಸಿದರೆ ಮಾತ್ರ ಫಿಲ್ಮು ಮುಂದೆ ಹೋಗುವುದು. ಇದಕ್ಕೆಂದು ಗಂಡ ಹೆಂಡತಿ ಒಂದು ಕಾನೂನು ಮಾಡಿಕೊಂಡಿದ್ದರು: ಮುಚ್ಚಳ ಮುಚ್ಚಿದವರೇ ತಿರುಪು ತಿರುಗಿಸಬೇಕು.

“ಕೂತ್ಕೋ ಅಪ್ಪ.”

ಅಪ್ಪ ಕುರ್ಚಿಯನ್ನೇ ನೋಡುತ್ತ ನಿಂತ. ಊರಿನ ಅರ್ಧ ಗಂಡಸರನ್ನು ಅದರಲ್ಲಿ ಕೂರಿಸಿದ್ದ, ತಾನು ಒಮ್ಮೆಯೂ ಕೂತಿರಲಿಲ್ಲ. ಬೇರೆಯವರ ಮನೆಗೆ ಬಂದವನಂತೆ ತುದಿಯಲ್ಲಿ ಕೂತು, ಅಭ್ಯಾಸಬಲದಿಂದ ಬಿಳಿಬಟ್ಟೆ ಎಳೆದು ಕೈ ಮುಚ್ಚಿಕೊಂಡ.

“ಬಟ್ಟೆ ಬೇಡಪ್ಪ. ಬೀಳಲ್ಲ ಅಂದ್ನಲ್ಲ.”

ಅವನು ಮಗಳ ಮುಖ ನೋಡಿದ. ಆಮೇಲೆ ಮೆಲ್ಲಗೆ ಕೈ ಹೊರಗೆ ತೆಗೆದು ಕುರ್ಚಿಯ ಕಬ್ಬಿಣದ ತೋಳಿನ ಮೇಲಿಟ್ಟ. ಉಂಗುರ ಕಬ್ಬಿಣಕ್ಕೆ ಬಡಿದು ಟಿಕಟಿಕ ಎನ್ನತೊಡಗಿತು. ಅವಳು ಮುಚ್ಚಳ ಸರಿಸಿದಳು.

ಎರಡು ನಿಮಿಷ ಕಾಯಬೇಕಿತ್ತು, ಎರಡು ಯುಗ ಎಂದರೂ ಸರಿಯೇ. ಟಿಕಟಿಕ, ಟಿಕಟಿಕ. ಆ ಕೈಯನ್ನು ನೋಡಲಾರಳು, ನೋಡದಿರಲಾರಳು. ಬಾಗಿಲಿಗೆ ಹೋದಳು, ಬಂದಳು, ಬಾಚಣಿಗೆಗಳನ್ನು ಎತ್ತಿ ಸಾಲಾಗಿ ಜೋಡಿಸಿದಳು, ಮತ್ತೆ ಕೆಡಿಸಿದಳು. ಸುಳ್ಳಾಣೆ ಇಟ್ಟೆನಲ್ಲ ಎಂದು ಮತ್ತೆ ಬಾಗಿಲಿಗೆ ಹೊರಟಳು.

“ಏಯ್, ಅಲ್ಲಾಡಬೇಡ!” ಎಂದು ಕುರ್ಚಿಯಿಂದ ತುಟಿ ಅಲುಗಿಸದೆ ಅಪ್ಪ ಗದರಿದ. “ಹಲಗೆ ಅದುರುತ್ತೆ.”

ಬಡಗಿ ಮೂಲೆಯಲ್ಲಿ ಸ್ಪ್ಯಾನರು ಹಿಡಿದು ಕಿಸಕ್ಕೆಂದ. ಅವಳು ಮುಚ್ಚಳ ಮುಚ್ಚಿದಳು. ಕೈ ತಿರುಪಿನತ್ತ ಹೋಗಬೇಕು, ಅಷ್ಟರಲ್ಲಿ ಅಪ್ಪ ಎದ್ದು ನಿಂತು ಅವಳ ಜಡೆ ಹಿಡಿದಿದ್ದ.

“ಏನೇ ಇದು? ತುದಿಯೆಲ್ಲ ಸೀಳಿದೆ. ಹಕ್ಕಿ ಗೂಡು ಕಟ್ಟಿದ ಹಾಗಿದೆ. ಕೂತ್ಕೋ ಇಲ್ಲಿ.”

“ಅಪ್ಪ, ಈಗಲ್ಲ...”

“ಕೂತ್ಕೋ ಅಂದೆ. ನಾಳೆ ಈ ಕುರ್ಚಿ ಎಲ್ಲಿರುತ್ತೋ. ಅಳಿಯಂದ್ರೇ, ಇನ್ನೊಂದು ಉಳಿದಿದೆ ಅಂದ್ರಲ್ಲ, ಅದನ್ನ ನೀವು ತೆಗೀರಿ.”

ಅವಳನ್ನು ಕುರ್ಚಿಗೆ ತಳ್ಳಿ, ಹಿಂದೆ ನಿಂತು, ಬಾಚಣಿಗೆ ಎತ್ತಿಕೊಂಡ. “ಬಾಚಬೇಡಿ ಮಾವ, ಸುಮ್ನೆ ನಿಂತ್ಕೊಳ್ಳಿ, ಇಲ್ದಿದ್ರೆ ಬೀಳಲ್ಲ,” ಎಂದ ಬಡಗಿ. “ಕೆಲಸ ಇಲ್ದೆ ಆ ಜಾಗದಲ್ಲಿ ನಿಂತು ನಂಗೆ ಅಭ್ಯಾಸ ಇಲ್ಲ,” ಎಂದ ಅಪ್ಪ. ಎಡಗೈ ಮೇಲೆದ್ದು ಮಗಳ ನೆತ್ತಿಯ ಮೇಲೆ ಬಂದು ಕೂತಿತು. ಬಡಗಿ ಮುಚ್ಚಳ ಸರಿಸಿದ.

ಮೊದಲು ನಡುಕ ಅವಳ ತಲೆಬುರುಡೆಯೊಳಗೆ ಇಳಿಯಿತು. ಹಲ್ಲು ಕಚ್ಚಿಕೊಂಡಳು. ಆಮೇಲೆ ಬೆರಳುಗಳು ಅಗಲವಾದವು, ಹೆಬ್ಬೆರಳು ಕಿವಿಯ ಮೇಲಿನ ತನ್ನ ಹಳೆಯ ಜಾಗ ಹುಡುಕಿಕೊಂಡಿತು, ಅಂಗೈ ಒತ್ತಿತು. ನಡುಕ ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ನಿಂತಿತು. ಬಾಚಣಿಗೆ ಮಾತ್ರ ಮೇಲಿಂದ ಕೆಳಗೆ ಸರಸರ ಓಡುತ್ತಿತ್ತು.

ಆಗ ಅವಳಿಗೆ, ಬಾಗಿಲು ದಾಟುವಾಗ ಡಾಕ್ಟರು ಬೆನ್ನ ಹಿಂದಿನಿಂದ ಹೇಳಿದ್ದ ಆ ಉಳಿದರ್ಧ ನೆನಪಾಯಿತು. ‘ಸುಮ್ಮನಿದ್ದಾಗಲೇ ಇದು ಜಾಸ್ತಿ. ಕೈಗೆ ಕೆಲಸ ಇರಲಿ.’ ಅವಳು ಕೊಟ್ಟದ್ದು ಆರಾಮ! ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಎತ್ತಬೇಕು, ಎತ್ತಲಿಲ್ಲ. ಎತ್ತಿದರೆ ತಲೆ ಅಲುಗುತ್ತದೆ, ತಲೆ ಅಲುಗಿದರೆ ಆ ಕೈ ಹಾರಿಹೋಗುತ್ತದೆ. ಮೂಗಿನ ತುದಿಗೆ ನೀರಿಳಿದು ತುರಿಸುತ್ತಿದ್ದರೂ ಮಿಸುಕದೆ ಕೂತಳು.

“ಆಯ್ತು,” ಎಂದ ಬಡಗಿ, ಮುಚ್ಚಳ ಮುಚ್ಚಿ. ಅಪ್ಪ ಕೈ ತೆಗೆದ. ತೆಗೆದ ಕೂಡಲೇ ಅದು ಮತ್ತೆ ತೊಡೆಗೆ ಬಡಿದುಕೊಳ್ಳತೊಡಗಿತು. ಅವನು ಗಮನಿಸಲಿಲ್ಲ, ಅಥವಾ ಗಮನಿಸದವನಂತೆ ಬಿಳಿಬಟ್ಟೆ ಮಡಿಚಿದ. ಒಂದು ಗಂಟೆಯಲ್ಲಿ ಕುರ್ಚಿ ಕೈಗಾಡಿಯ ಮೇಲಿತ್ತು.

ಮರುದಿನ ಊಟದ ಬಿಡುವಿನಲ್ಲಿ ಅವಳು ಕತ್ತಲೆಕೋಣೆಗೆ ಹೋದಳು. ಬಡಗಿ ತನ್ನ ಪಾಲಿನ ತಿರುಪು ತಿರುಗಿಸಿದ್ದಾನೆ ಎಂದುಕೊಂಡೇ ಕೆಂಪು ಕಿಂಡಿ ನೋಡಿದಳು. ಸುರುಳಿ ಮುಗಿದು ಏನೂ ಕಾಣಬಾರದಿತ್ತು. ಹನ್ನೆರಡು ಕಂಡಿತು.

ತಿರುಗಿಸಬೇಕಾದವಳು ತಿರುಗಿಸಿಲ್ಲ! ಬಡಗಿ ಕಾನೂನಿನ ಪ್ರಕಾರ ನಡೆದಿದ್ದ, ಮುಚ್ಚಿದವನು ತಿರುಗಿಸಿದ್ದ. ಮೊದಲ ಸಲ ಮುಚ್ಚಿದವಳು ಇವಳು. ಎರಡು ಚಿತ್ರವೂ ಒಂದೇ ಹನ್ನೊಂದರ ಮೇಲೆ ಬಿದ್ದಿವೆ. ಅಂಗಡಿಯಲ್ಲಿ ಈ ಹೊತ್ತಿಗೆ ಮೊಬೈಲಿನವನು ಗೋಡೆಗೆ ಬಣ್ಣ ಬಳಿಯುತ್ತಿರಬೇಕು. ಆತುರಗಾರರಿಗೆ ಬುದ್ಧಿ ಮಟ್ಟ ಎಂದು ತನ್ನ ಹಣೆಗೆ ತಾನೇ ಚಚ್ಚಿಕೊಂಡಳು. ತನ್ನನ್ನೇ ಬೈದುಕೊಳ್ಳುತ್ತ ಫಿಲ್ಮು ತೊಳೆದು ತಂತಿಗೆ ನೇತುಹಾಕಿದಳು.

ಅಪ್ಪ ಆ ದಿನವೇ ಗುಳಿಗೆ ತೆಗೆದುಕೊಳ್ಳಲು ಬರುವವನಿದ್ದ. ಫಿಲ್ಮು ಒಣಗುವ ಹೊತ್ತಿಗೆ ಎಕ್ಸ್-ರೇ ಕೋಣೆಗೇ ಬಂದೂಬಿಟ್ಟ, ಎಡಗೈಯನ್ನು ಚೀಲದ ಹಿಂದೆ ಅಡಗಿಸಿಕೊಂಡು. “ಆಯ್ತಾ? ತೋರ್ಸು.”

ಬಚ್ಚಿಡಲು ಜಾಗವಿರಲಿಲ್ಲ. ಎಕ್ಸ್-ರೇ ನೋಡುವ ಬೆಳಕಿನ ಪೆಟ್ಟಿಗೆಗೆ ಆ ಒಂದು ತುಂಡು ಸಿಕ್ಕಿಸಿ, ಅವಳು ಗೋಡೆಯಿಂದ ಗೋಡೆಗೆ ನಡೆಯತೊಡಗಿದಳು. “ಅಪ್ಪ, ಒಂದು ತಪ್ಪಾಗಿದೆ. ಎರಡೂ ಒಂದರ ಮೇಲೊಂದು ಬಿದ್ದಿದೆ. ನಾನು ತಿರುಗಿಸ್ಲಿಲ್ಲ. ಮತ್ತೆ ಕೈ... ಕೈ ಬೀಳಲ್ಲ ಅಂದಿದ್ದೆ...”

ಅಪ್ಪ ಕನ್ನಡಕ ಏರಿಸಿ ಬಗ್ಗಿದ. ನೆಗೆಟಿವ್ ಅಲ್ಲವೇ, ಬಿಳಿದೆಲ್ಲ ಕಪ್ಪು, ಕಪ್ಪೆಲ್ಲ ಬಿಳಿ. “ಅರೆ, ನನ್ನ ಕೂದಲು ಕಪ್ಪಾಗಿದೆಯಲ್ಲೇ!” ಎಂದ. “ಬಣ್ಣ ಹಾಕೋ ಕೆಲಸ ಉಳೀತು.” ಆಮೇಲೆ ಕುರ್ಚಿಯತ್ತ ಕಣ್ಣಿಳಿಸಿದ.

ಕುರ್ಚಿಯಲ್ಲಿ ಇಬ್ಬರಿದ್ದರು. ಅಪ್ಪ ಕೂತಿದ್ದ, ಅವನೊಳಗೆ ಮಗಳು ಕೂತಿದ್ದಳು. ಒಬ್ಬರ ಹಣೆ ಇನ್ನೊಬ್ಬರಿಗೆ ಸೇರಿ, ಮೂಗು ಯಾರದು ಗಲ್ಲ ಯಾರದು ತಿಳಿಯುವಂತಿರಲಿಲ್ಲ. ಕುರ್ಚಿಯ ತೋಳಿನ ಮೇಲೆ ಕೈ ಇರಬೇಕಾದಲ್ಲಿ ಬರೀ ಹೊಗೆ. ಹಿಂದೆ ನೆಟ್ಟಗೆ ಇನ್ನೊಬ್ಬ ಅಪ್ಪ ನಿಂತಿದ್ದ. ಬಾಚಣಿಗೆ ಹಿಡಿದ ಅವನ ಬಲಗೈ, ಆ ಗಟ್ಟಿಮುಟ್ಟಾದ ಕೈ, ಮೊಣಕೈಯಿಂದಾಚೆ ಇರಲೇ ಇಲ್ಲ, ಅಲ್ಲಾಡಿ ಅಲ್ಲಾಡಿ ಮಾಯವಾಗಿತ್ತು. ಎಡಗೈ ಮಾತ್ರ ಇಬ್ಬರ ತಲೆಯ ಮೇಲೂ ಇತ್ತು. ಐದೂ ಬೆರಳು ಬಿಡಿಬಿಡಿಯಾಗಿ, ಉಂಗುರದ ಸಮೇತ. ಇಡೀ ಚಿತ್ರದಲ್ಲಿ ಅಷ್ಟು ಸ್ಪಷ್ಟವಾಗಿ ಬಿದ್ದಿದ್ದು ಬೇರೇನೂ ಇರಲಿಲ್ಲ.

ಅಪ್ಪ ಬೆಳಕಿನ ಪೆಟ್ಟಿಗೆಗೆ ಮೂಗು ತಾಗುವಷ್ಟು ಹತ್ತಿರ ಹೋದ. “ಇದು ನಂದೇನಾ?”

“ನಿಂದೇ ಅಪ್ಪ.”

“ನಡುಗಿಲ್ಲ.”

“ಇಲ್ಲ.”

“ಅಷ್ಟು ಹೊತ್ತೂ?”

“ಅಷ್ಟು ಹೊತ್ತೂ. ಅದಕ್ಕೆ ಕೆಲಸ ಇತ್ತಲ್ಲ.” ಅವಳು ನಡಿಗೆ ನಿಲ್ಲಿಸಿದಳು. “ಅಂಗಡಿ ಮುಚ್ಚು ಅಂತ ನಾನೇ ಹೇಳಿದ್ದು ಅಪ್ಪ. ಡಾಕ್ಟರು ಬೇರೆ ಹೇಳಿದ್ರು. ನಾನು ನಿಂತು ಕೇಳ್ಲಿಲ್ಲ.”

ಅಪ್ಪ ಚೀಲವನ್ನು ನೆಲಕ್ಕಿಟ್ಟ. ಅದರ ಹಿಂದಿದ್ದ ಕೈ ಬಯಲಿಗೆ ಬಂದು ತನ್ನ ಪಾಡಿಗೆ ತಟತಟ ಎಂದಿತು. ಅವನು ಈ ಸಲ ಅದನ್ನು ಎಲ್ಲಿಯೂ ಅಡಗಿಸಲಿಲ್ಲ.

“ಕುರ್ಚಿ ಎಲ್ಲಿದೆ?” ಎಂದ.

“ಇವರ ಶೆಡ್ಡಲ್ಲಿ. ಮಾರೋಕೆ ಮನಸ್ಸು ಬರ್ಲಿಲ್ಲವಂತೆ.”

“ಹೂಂ.” ಅವನು ರೋಗಿಗಳ ಸ್ಟೂಲನ್ನು ಕಾಲಿನಿಂದ ಹತ್ತಿರ ಎಳೆದ. “ನಿನ್ನೆ ಅರ್ಧಕ್ಕೇ ಬಿಟ್ಟಿದ್ದು. ಬಾ, ಕೂತ್ಕೋ.”

“ಇಲ್ಲೇನಾ? ಅಪ್ಪ, ಹೊರಗಡೆ ಜನ ಕಾಯ್ತಿದಾರೆ.”

“ಕಾಯ್ಲಿ. ಜೇಬಲ್ಲಿ ಬಾಚಣಿಗೆ ಇದೆ.”

ಅವಳು ಬಾಗಿಲನ್ನೊಮ್ಮೆ ನೋಡಿದಳು, ಗಡಿಯಾರವನ್ನೊಮ್ಮೆ ನೋಡಿದಳು, ಕೋಟಿನ ಗುಂಡಿಯನ್ನೊಮ್ಮೆ ತಿರುವಿದಳು. ಆಮೇಲೆ ಕೂತಳು. ಕೈ ಬಂದು ನೆತ್ತಿಯ ಮೇಲೆ ಇಳಿಯಿತು, ನಡುಗಿತು, ಜಾಗ ಹುಡುಕಿಕೊಂಡಿತು.

“ಅಲ್ಲಾಡಬೇಡ,” ಎಂದ ಅಪ್ಪ.

ಹೊರಗೆ ಯಾರೋ ಬಾಗಿಲು ಬಡಿದರು. ಇನ್ನೊಮ್ಮೆ ಬಡಿದರು. ಅವಳು ಏಳಲಿಲ್ಲ.